ಹಿಮ್ಮೇಳ ತಡವಾದದ್ದೇಕೆ? – ಗಣಕದ ಧ್ವನಿಮುದ್ರಣದಲ್ಲಿ ಕಾಲದ ಹೊಂದಾಣಿಕೆ

ಗೀಗೀ ಪದವೊಂದನ್ನು ಗಣಕದಲ್ಲಿ ಎರಡು ಕಂತುಗಳಲ್ಲಿ ಧ್ವನಿಮುದ್ರಿಸಬೇಕಾಗಿದೆ ಎಂದುಕೊಳ್ಳಿ. ಮೊದಲ ದಿನ ಮುಖ್ಯ ಹಾಡುಗಾರರು ದಪ್ಪು ಬಾರಿಸುತ್ತ ಪದ ಹಾಡುತ್ತಾರೆ. ಮರುದಿನ ಹಿಮ್ಮೇಳದವರು ಬಂದು, ಹಿಂದಿನ ದಿನದ ಮುದ್ರಣವನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳುತ್ತ ತಮ್ಮ ಪಾಲನ್ನು ಹಾಡುತ್ತಾರೆ. ಅವರು ಪಳಗಿದವರು, ಕಿವಿಗೆ ಬಿದ್ದ ದಪ್ಪಿನ ಪೆಟ್ಟಿಗೆ ಸರಿಯಾಗಿಯೇ ದನಿ ಎತ್ತಿದ್ದಾರೆ. ಆದರೆ ಎರಡು ಮುದ್ರಣಗಳನ್ನೂ ಕೂಡಿಸಿ ಕೇಳಿದರೆ ಹಿಮ್ಮೇಳ ಪ್ರತಿ ಸಲವೂ ಒಂದಿಷ್ಟು ಹಿಂದೆ ಬಿದ್ದಿರುತ್ತದೆ. ತಾಳ ತಪ್ಪಿದವರು ಯಾರು? ಹಾಡಿದವರೋ, ಯಂತ್ರವೋ?

ಈ ಪ್ರಶ್ನೆಗೆ ಉತ್ತರ ಹುಡುಕಲು ದುಬಾರಿ ಸಲಕರಣೆಗಳು ಬೇಡ. ಶಬ್ದದ ವೇಗ, ಸರಳ ಭಾಗಾಕಾರ ಮತ್ತು ಒಂದು ನೇರ ರೇಖೆಯ ಸಮೀಕರಣ ತಿಳಿದಿದ್ದರೆ ಸಾಕು. ಈ ಮೂರೂ ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ಪಾಠಗಳೇ.

ಈ ನಾಡಿಗೆ ಇದೇಕೆ ಮುಖ್ಯ?

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆ ಹಾಡಿನ ಸೀಮೆ. 'ಸಂಗ್ಯಾ ಬಾಳ್ಯಾ' ಸಣ್ಣಾಟದ ಕಥೆ ಬೈಲಹೊಂಗಲದ್ದು. 1824ರ ಕಿತ್ತೂರಿನ ಕಾಳಗ, ಚೆನ್ನಮ್ಮ ಮತ್ತು ಸಂಗೊಳ್ಳಿ ರಾಯಣ್ಣರ ಸಾಹಸ ಲಾವಣಿಗಳಾಗಿ ಊರೂರು ತಿರುಗಿವೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ಪದಗಳಿವೆ. ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರೇಶ್ವರನ ಕ್ಷೇತ್ರ. ವೀರಭದ್ರನ ಪುರವಂತರು ಒಡಪು ಹೇಳುತ್ತಾರೆ, ಒಡಪು ಮುಗಿದೊಡನೆ ವಾದ್ಯಗಳು ಮೊಳಗುತ್ತವೆ.

ಈ ಎಲ್ಲ ಪ್ರಕಾರಗಳಿಗೂ ಸಮಾನವಾದ ಒಂದು ಗುಣವಿದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುವ ಆ ಗಳಿಗೆಯಲ್ಲೇ ಅವುಗಳ ಜೀವವಿದೆ. ಗೀಗೀ ಪದಕ್ಕೆ ಆ ಹೆಸರು ಬಂದದ್ದೇ ಹಿಮ್ಮೇಳದ ಸೊಲ್ಲಿನಿಂದ. ಆ ಸೊಲ್ಲು ಸಾಲಿನ ತುದಿಯನ್ನು ಹಿಡಿಯುವ ಬಗೆ ಒಂದೊಂದು ಮೇಳಕ್ಕೆ ಒಂದೊಂದು ತೆರ. ಒಡಪಿನ ಕೊನೆಯ ಮಾತಿಗೂ ವಾದ್ಯದ ಮೊದಲ ಪೆಟ್ಟಿಗೂ ನಡುವಿನ ಸಣ್ಣ ಮೌನವೂ ಕಲೆಯ ಭಾಗವೇ.

ಬ್ರಿಟಿಷ್ ಅಧಿಕಾರಿಯಾಗಿದ್ದ ವಿದ್ವಾಂಸ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಮುಂತಾದವರ ಮೇಲಿನ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಿಂದ ಪದಗಳು ಉಳಿದವು. ಆದರೆ ಅಂದಿನ ಹಾಡುಗಾರರು ಎಲ್ಲಿ ಎಳೆದರು, ಹಿಮ್ಮೇಳ ಎಷ್ಟು ಬೇಗ ಎತ್ತಿಕೊಂಡಿತು ಎಂಬ ಕಾಲದ ಸೂಕ್ಷ್ಮಗಳು ಕಾಗದಕ್ಕೆ ದಕ್ಕುವಂಥವಲ್ಲ. ಇಂದು ಒಂದು ಲ್ಯಾಪ್‌ಟಾಪು, ಒಂದು ಮೈಕು ಇದ್ದರೆ ಶಾಲೆಯವರೂ ಅದನ್ನು ಹಿಡಿದಿಡಬಹುದು. ಆದರೆ ಯಂತ್ರದ ತಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾಡಿದ ಮುದ್ರಣ ಮುಂದಿನ ತಲೆಮಾರಿಗೆ ಸುಳ್ಳು ಸಾಕ್ಷಿ ಹೇಳುತ್ತದೆ. ಹಾಡಿದವರು ಇಲ್ಲವಾದ ಮೇಲೆ ಅದನ್ನು ಕೇಳಿದವರು, 'ಈ ಮೇಳದವರು ಹೀಗೆ ತಡೆದು ಹಾಡುತ್ತಿದ್ದರು' ಎಂದೇ ತಿಳಿಯುತ್ತಾರೆ.

ಶಬ್ದವೂ ನಡೆದೇ ಬರಬೇಕು

ತಡ ಎಂಬುದು ಗಣಕದಿಂದ ಹುಟ್ಟಿದ್ದೇನಲ್ಲ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್ ಸಾಗುತ್ತದೆ. ಅಂದರೆ ಒಂದು ಮೀಟರ್ ದಾಟಲು ಅದಕ್ಕೆ ಸುಮಾರು 2.9 ಮಿಲಿಸೆಕೆಂಡು (ಮಿ.ಸೆ.) ಬೇಕು. ಮೇಳದಲ್ಲಿ ಎರಡು ಮೀಟರ್ ಅಂತರದಲ್ಲಿ ನಿಂತವರು ಒಬ್ಬರನ್ನೊಬ್ಬರು ಸುಮಾರು 6 ಮಿ.ಸೆ. ತಡವಾಗಿ ಕೇಳುತ್ತಾರೆ. ಇದರಿಂದ ಯಾರ ತಾಳವೂ ಕೆಡುವುದಿಲ್ಲ.

ಅಂತರ ಹೆಚ್ಚಿದಂತೆ ಮಾತು ಬೇರೆಯಾಗುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಎಲ್ಲಮ್ಮನ ಗುಡ್ಡದಲ್ಲಿ ಜನಸಾಗರವೇ ಸೇರುತ್ತದೆ. ನೂರು ಮೀಟರ್ ಆಚೆಯ ಗುಂಪು ನಮ್ಮ ಜೊತೆಗೇ 'ಉಧೋ' ಎಂದರೂ ಆ ದನಿ ನಮಗೆ ತಲುಪುವುದು ಸುಮಾರು 290 ಮಿ.ಸೆ. ಬಳಿಕ. ಎರಡೂ ಗುಂಪಿನವರಿಗೆ ಎದುರಿನವರೇ ತಡ ಮಾಡಿದಂತೆ ಕೇಳಿಸುತ್ತದೆ! ತಡ ಯಾರದೂ ಅಲ್ಲ, ನಡುವಿನ ದಾರಿಯದು. ಈ ಮಾತನ್ನು ನೆನಪಿಡಿ. ಗಣಕದ ವಿಷಯದಲ್ಲೂ ಇದೇ ನಿಜ.

ಗಣಕದೊಳಗಿನ ದಾರಿ

ಮೈಕಿನಿಂದ ಬಂದ ವಿದ್ಯುತ್ ಸಂಕೇತವನ್ನು ಗಣಕ ಸಂಖ್ಯೆಗಳ ಸಾಲಾಗಿ ಬದಲಿಸುತ್ತದೆ. ಸಿ.ಡಿ. ಗುಣಮಟ್ಟದಲ್ಲಿ ಒಂದು ಸೆಕೆಂಡಿಗೆ 44,100 ಸಲ ಸಂಕೇತವನ್ನು ಅಳೆಯಲಾಗುತ್ತದೆ. ಈ ಒಂದೊಂದು ಅಳತೆಯನ್ನೂ 'ಮಾದರಿ' ಎನ್ನುತ್ತಾರೆ. ಪ್ರತಿ ಮಾದರಿ ಬಂದಾಗಲೂ ಕೈಲಿದ್ದ ಕೆಲಸ ಬಿಟ್ಟು ಅದನ್ನು ಎತ್ತಿಡುವುದು ಪ್ರೊಸೆಸರಿಗೆ ಕಷ್ಟ. ಅದಕ್ಕೆ ಬೇರೆ ಕೆಲಸಗಳೂ ಇರುತ್ತವೆ. ಆದ್ದರಿಂದ ಮಾದರಿಗಳನ್ನು ಒಂದು ತಾತ್ಕಾಲಿಕ ಕಣಜದಲ್ಲಿ ಕೂಡಿಹಾಕಿ, ಅದು ತುಂಬಿದ ಮೇಲೆ ಒಟ್ಟಿಗೆ ಸಾಗಿಸುತ್ತದೆ. ಇದೇ ಬಫರ್. ರಾಶಿಯ ಕಣದಲ್ಲಿ ಜೋಳವನ್ನು ಒಂದೊಂದೇ ಕಾಳಾಗಿ ಮನೆಗೆ ಒಯ್ಯದೆ, ಚೀಲ ತುಂಬಿದ ಮೇಲೆ ಹೊತ್ತೊಯ್ಯುವಂತೆ ಇದು. ಚೀಲಕ್ಕೆ ಮೊದಲು ಬಿದ್ದ ಕಾಳು, ಕೊನೆಯ ಕಾಳು ಬೀಳುವವರೆಗೆ ಕಾಯಲೇಬೇಕು. ಆ ಕಾಯುವಿಕೆಯೇ ತಡ. ತಂತ್ರಾಂಶಗಳ ಭಾಷೆಯಲ್ಲಿ ಲೇಟೆನ್ಸಿ.

ಬಫರಿನ ತಡ ಕಂಡುಹಿಡಿಯಲು ಮಾದರಿಗಳ ಸಂಖ್ಯೆಯನ್ನು 44,100ರಿಂದ ಭಾಗಿಸಿದರಾಯಿತು:

128 ಮಾದರಿಗಳು – 2.9 ಮಿ.ಸೆ.
256 ಮಾದರಿಗಳು – 5.8 ಮಿ.ಸೆ.
512 ಮಾದರಿಗಳು – 11.6 ಮಿ.ಸೆ.
1,024 ಮಾದರಿಗಳು – 23.2 ಮಿ.ಸೆ.
2,048 ಮಾದರಿಗಳು – 46.4 ಮಿ.ಸೆ.

ಇದು ಒಂದು ಚೀಲದ ಲೆಕ್ಕ. ಶಬ್ದ ಹೊರಗೆ ಹೋಗುವ ದಾರಿಯಲ್ಲಿ ಒಂದು ಬಫರ್, ಒಳಗೆ ಬರುವ ದಾರಿಯಲ್ಲಿ ಇನ್ನೊಂದು. ಕಾರ್ಯಾಚರಣ ವ್ಯವಸ್ಥೆ ಹಲವು ತಂತ್ರಾಂಶಗಳ ಶಬ್ದಗಳನ್ನು ಬೆರೆಸುವಾಗ ತನ್ನದೂ ಕೆಲವು ಬಫರ್‌ಗಳನ್ನು ಸೇರಿಸುತ್ತದೆ. ಸಂಕೇತವನ್ನು ಸಂಖ್ಯೆಯಾಗಿಸುವ, ಸಂಖ್ಯೆಯನ್ನು ಮರಳಿ ಸಂಕೇತವಾಗಿಸುವ ಚಿಪ್‌ಗಳೂ ಒಂದೆರಡು ಮಿ.ಸೆ. ತೆಗೆದುಕೊಳ್ಳುತ್ತವೆ. ಎಲ್ಲ ಸೇರಿ ಸಾಮಾನ್ಯ ಗಣಕದಲ್ಲಿ ನೂರು ಮಿ.ಸೆ. ದಾಟುವುದು ಅಪರೂಪವೇನಲ್ಲ. ಈ ಬಳಸುದಾರಿ ತಪ್ಪಿಸಿ ಧ್ವನಿಯಂತ್ರದೊಡನೆ ನೇರವಾಗಿ ವ್ಯವಹರಿಸಲೆಂದೇ ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ 'ಎಎಸ್ಐಒ' ಎಂಬ ವ್ಯವಸ್ಥೆಯನ್ನು ರೂಪಿಸಿತು.

ಈಗ ನಮ್ಮ ಹಿಮ್ಮೇಳದವರ ಬಳಿಗೆ ಮರಳೋಣ. ಗಣಕ ತನ್ನ ಲೆಕ್ಕದಲ್ಲಿ ದಪ್ಪಿನ ಪೆಟ್ಟನ್ನು 10ನೇ ಸೆಕೆಂಡಿಗೆ ನುಡಿಸಿತು. ಆ ಪೆಟ್ಟು ಹೊರದಾರಿಯ ಬಫರ್ ದಾಟಿ ಹೆಡ್‌ಫೋನಿಗೆ ಬರುವಷ್ಟರಲ್ಲಿ ಒಂದಿಷ್ಟು ತಡವಾಯಿತು. ಹಿಮ್ಮೇಳದವರು ಅದಕ್ಕೆ ಸರಿಯಾಗಿ ದನಿ ಎತ್ತಿದರು. ಆ ದನಿ ಒಳದಾರಿಯ ಬಫರ್ ದಾಟಿ ಕಡತ ಸೇರುವಾಗ ಇನ್ನೊಂದಿಷ್ಟು ತಡವಾಯಿತು. ಕಡತದಲ್ಲಿ ಕಾಣುವುದು ಈ ಎರಡರ ಮೊತ್ತ. ಇದನ್ನು ಹೋಗಿಬರುವ ತಡ ಎನ್ನೋಣ. ಹಾಡಿದವರ ತಾಳ ಸರಿಯಾಗಿಯೇ ಇತ್ತು.

ಕಿವಿ ಎಷ್ಟನ್ನು ಸಹಿಸುತ್ತದೆ?

ಒಂದೇ ಶಬ್ದ ಎರಡು ಕಡೆಯಿಂದ ಸುಮಾರು 30 ಮಿ.ಸೆ. ಒಳಗಿನ ಅಂತರದಲ್ಲಿ ಬಂದರೆ ಕಿವಿ ಸಾಮಾನ್ಯವಾಗಿ ಎರಡನ್ನೂ ಒಂದೇ ಎಂದು ಗ್ರಹಿಸುತ್ತದೆ. 1949ರಲ್ಲಿ ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ವಿವರವಾಗಿ ಅಭ್ಯಸಿಸಿದುದರಿಂದ ಇದಕ್ಕೆ 'ಹಾಸ್ ಪರಿಣಾಮ' ಎಂಬ ಹೆಸರೂ ಇದೆ. ಆದರೆ ದಪ್ಪಿನ ಪೆಟ್ಟು, ತಾಳದ ಠಣತ್ಕಾರದಂತಹ ಚೂಪಾದ ಶಬ್ದಗಳಲ್ಲಿ ಇದಕ್ಕಿಂತ ಕಡಿಮೆ ಅಂತರವೂ ಗೊತ್ತಾಗುತ್ತದೆ.

ನಮ್ಮ ಉದಾಹರಣೆಗೆ ಅಂಕಿಗಳನ್ನು ಹಾಕಿ ನೋಡೋಣ. ದಪ್ಪು ನಿಮಿಷಕ್ಕೆ 120 ಪೆಟ್ಟಿನ ಲಯದಲ್ಲಿದ್ದರೆ ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ 500 ಮಿ.ಸೆ. ಅಂತರ. ಅದರ ಕಾಲುಭಾಗ 125 ಮಿ.ಸೆ. ಹೋಗಿಬರುವ ತಡ 143 ಮಿ.ಸೆ. ಇದೆ ಎಂದುಕೊಂಡರೆ ಹಿಮ್ಮೇಳ ಕಾಲು ಪೆಟ್ಟಿಗಿಂತಲೂ ಹೆಚ್ಚು ಹಿಂದೆ ಬೀಳುತ್ತದೆ. ಇದು ಸಣ್ಣ ವ್ಯತ್ಯಾಸವಲ್ಲ. ಪದದ ನಡಿಗೆಯನ್ನೇ ಬದಲಿಸುವಂಥದು.

ಟೇಪಿನ ಕಾಲದ ಪಾಠ

ಗಣಕ ಬರುವ ಮೊದಲೂ ಈ ತೊಡಕು ಇತ್ತು. ಟೇಪ್ ಯಂತ್ರದಲ್ಲಿ ಮುದ್ರಿಸುವ ತಲೆ ಒಂದು, ನುಡಿಸುವ ತಲೆ ಇನ್ನೊಂದು. ಎರಡರ ನಡುವೆ 4 ಸೆಂ.ಮೀ. ಅಂತರವಿದ್ದು ಟೇಪು ಸೆಕೆಂಡಿಗೆ 38 ಸೆಂ.ಮೀ. ಓಡಿದರೆ ಸುಮಾರು 105 ಮಿ.ಸೆ. ತಡ. ನುಡಿಸುವ ತಲೆಯಿಂದ ಹಳೆಯ ಹಾಡು ಕೇಳುತ್ತ, ಪಕ್ಕದ ಪಥದಲ್ಲಿ ಹೊಸ ದನಿ ಮುದ್ರಿಸಿದರೆ ಎರಡೂ ಅಷ್ಟು ಬೇರೆಯಾಗುತ್ತಿದ್ದವು. ಅಮೆರಿಕದ ಆ್ಯಂಪೆಕ್ಸ್ ಸಂಸ್ಥೆಯ ಎಂಜಿನಿಯರ್ ರಾಸ್ ಸ್ನೈಡರ್ 1950ರ ದಶಕದಲ್ಲಿ ಇದಕ್ಕೊಂದು ಉಪಾಯ ಕೊಟ್ಟರು. ಹಳೆಯ ಪಥವನ್ನು ನುಡಿಸುವ ತಲೆಯಿಂದ ಕೇಳಿಸುವ ಬದಲು ಮುದ್ರಿಸುವ ತಲೆಯಿಂದಲೇ ಕೇಳಿಸಿದರು! ತಲೆ ಒಂದೇ ಆದ್ದರಿಂದ ಅಂತರ ಸೊನ್ನೆ. ಈ ಬಗೆಯ ಎಂಟು ಪಥಗಳ ಯಂತ್ರ 1957ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಅವರ ಕೈಸೇರಿತು.

ಗಣಕದಲ್ಲಿ ತಡವನ್ನು ಸೊನ್ನೆ ಮಾಡಲಾಗದು. ಆದರೆ ಇಲ್ಲೊಂದು ಅನುಕೂಲವಿದೆ. ಮುದ್ರಣ ಮುಗಿದ ಮೇಲೆ ಇಡೀ ಪಥವನ್ನು ಬೇಕಾದಷ್ಟು ಹಿಂದಕ್ಕೆ ಸರಿಸಬಹುದು. ಎಷ್ಟು ಸರಿಸಬೇಕೆಂದು ತಿಳಿದಿದ್ದರೆ ಆಯಿತು.

ತಡವನ್ನು ಅಳೆಯುವ ಬಗೆ

ಉಚಿತವಾಗಿ ದೊರೆಯುವ 'ಅಡಾಸಿಟಿ' ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಆರಂಭಿಸಿದ ಈ ತಂತ್ರಾಂಶ 2000ದಲ್ಲಿ ಬಿಡುಗಡೆಯಾಯಿತು. ಇದರ 3ನೇ ಆವೃತ್ತಿಗಳ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ 'ಲೇಟೆನ್ಸಿ ಕಾಂಪನ್ಸೇಷನ್' ಎಂಬ ಅಂಕಣವಿದೆ. ಅಲ್ಲಿ –130 ಮಿ.ಸೆ. ಎಂದು ಮೊದಲೇ ತುಂಬಿರುತ್ತದೆ. ಇದು ಕೇವಲ ಒಂದು ಅಂದಾಜು. ನಿಮ್ಮ ಗಣಕಕ್ಕೆ ಹೊಂದುವ ಅಂಕಿಯನ್ನು ನೀವೇ ಅಳೆಯಬೇಕು.

1. ಆ ಅಂಕಣದಲ್ಲಿ ಸೊನ್ನೆ ತುಂಬಿರಿ.
2. ತಂತ್ರಾಂಶದ 'ರಿದಮ್ ಟ್ರ್ಯಾಕ್' ಸೌಲಭ್ಯದಿಂದ 'ಟಕ್, ಟಕ್' ಎಂಬ ಪೆಟ್ಟುಗಳ ಒಂದು ಪಥ ತಯಾರಿಸಿ.
3. ಹೆಡ್‌ಫೋನ್ ಕಿಂಡಿಯಿಂದ ಮೈಕ್ ಅಥವಾ ಲೈನ್ ಕಿಂಡಿಗೆ ಒಂದು ಕೇಬಲ್ ಜೋಡಿಸಿ. ಶಬ್ದಮಟ್ಟ ತೀರ ಕಡಿಮೆ ಇರಲಿ. ಯುಎಸ್‌ಬಿ ಮೈಕ್ ಆಗಿದ್ದು ಕೇಬಲ್ ಜೋಡಿಸಲು ಬಾರದಿದ್ದರೆ ಹೆಡ್‌ಫೋನನ್ನೇ ಮೈಕಿಗೆ ಒತ್ತಿ ಹಿಡಿಯಿರಿ.
4. ಪೆಟ್ಟುಗಳನ್ನು ನುಡಿಸುತ್ತಲೇ ಹೊಸ ಪಥದಲ್ಲಿ ಮುದ್ರಿಸಿ.
5. ಎರಡೂ ಪಥಗಳ ಅಲೆಗಳನ್ನು ಹಿಗ್ಗಿಸಿ ನೋಡಿ. ಒಂದು ಪೆಟ್ಟಿನ ಆರಂಭ ಮೂಲದಲ್ಲಿ 2.000 ಸೆಕೆಂಡಿಗೂ, ಮುದ್ರಣದಲ್ಲಿ 2.143 ಸೆಕೆಂಡಿಗೂ ಇದ್ದರೆ ತಡ 143 ಮಿ.ಸೆ. ಮಾದರಿಗಳ ಲೆಕ್ಕದಲ್ಲಿ 0.143 × 44,100 = ಸುಮಾರು 6,306.
6. ಅಂಕಣದಲ್ಲಿ –143 ತುಂಬಿ. ಪ್ರಯೋಗವನ್ನು ಮತ್ತೆ ಮಾಡಿ. ಈಗ ಪೆಟ್ಟುಗಳು ಒಂದರ ಕೆಳಗೊಂದು ನೇರ ಬಂದರೆ ಅಳತೆ ಸರಿ.

ಇಲ್ಲಿ ಮೈಕಿಗೂ ಹಾಡುವವರಿಗೂ ನಡುವಿನ ಅಂತರವನ್ನು ಮರೆಯಬಾರದು. ಮೈಕು ಒಂದು ಮೀಟರ್ ದೂರವಿದ್ದರೆ 2.9 ಮಿ.ಸೆ. ಸೇರುತ್ತದೆ. ಬಫರ್ ಗಾತ್ರ, ಸೆಕೆಂಡಿನ ಮಾದರಿಗಳ ಸಂಖ್ಯೆ, ಮೈಕು ಅಥವಾ ಹೆಡ್‌ಫೋನು – ಯಾವುದನ್ನು ಬದಲಿಸಿದರೂ ಅಳತೆಯನ್ನು ಹೊಸದಾಗಿ ಮಾಡಬೇಕು. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಬೇಡವೇ ಬೇಡ. ಅದರ ತಡ ಸಾಮಾನ್ಯವಾಗಿ 100ರಿಂದ 300 ಮಿ.ಸೆ. ಇದ್ದು, ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುತ್ತದೆಂಬ ಭರವಸೆಯೂ ಇಲ್ಲ.

ಮೂರು ದೋಷಗಳು, ಒಂದು ನಕ್ಷೆ

ಒಂದೇ ಪೆಟ್ಟನ್ನು ಅಳೆದು ತೃಪ್ತರಾಗಬೇಡಿ. ಹತ್ತು ನಿಮಿಷದ ಪೆಟ್ಟಿನ ಪಥ ಮುದ್ರಿಸಿ, ಆರಂಭದಲ್ಲಿ, ಐದನೆಯ ಮತ್ತು ಹತ್ತನೆಯ ನಿಮಿಷಗಳಲ್ಲಿ ತಡವನ್ನು ಅಳೆಯಿರಿ. ಕಾಲವನ್ನು ಅಡ್ಡ ಅಕ್ಷದಲ್ಲೂ ತಡವನ್ನು ಲಂಬ ಅಕ್ಷದಲ್ಲೂ ಗುರುತಿಸಿ ನಕ್ಷೆ ಎಳೆಯಿರಿ. ಮೂರು ಬಗೆಯ ಚಿತ್ರಗಳು ಬರಬಹುದು.

ಮೊದಲನೆಯದು ಮಲಗಿದ ರೇಖೆ: 143, 143, 143. ಇದು ಸ್ಥಿರವಾದ ತಡ. ಇಡೀ ಪಥವನ್ನು 143 ಮಿ.ಸೆ. ಹಿಂದಕ್ಕೆ ಸರಿಸಿದರೆ ಪೂರ್ತಿ ಪರಿಹಾರ.

ಎರಡನೆಯದು ಓರೆಯಾದ ರೇಖೆ: 20, 32, 44. ಇಲ್ಲಿ ತಡ ನಿಮಿಷಕ್ಕೆ 2.4 ಮಿ.ಸೆ.ಯಂತೆ ಬೆಳೆಯುತ್ತಿದೆ. ಎರಡು ಬೇರೆ ಗಡಿಯಾರಗಳು ಕೆಲಸ ಮಾಡುತ್ತಿವೆ ಎಂಬುದರ ಕುರುಹು ಇದು.

ಮೂರನೆಯದು ಮೆಟ್ಟಿಲು: 143, 143, 120. ನಡುವೆ ಎಲ್ಲೋ 23 ಮಿ.ಸೆ. ಶಬ್ದವೇ ಕಳೆದುಹೋಗಿದೆ. 1,024 ಮಾದರಿಗಳ ಒಂದು ಚೀಲ ದಾರಿಯಲ್ಲಿ ಬಿದ್ದುಹೋಯಿತು ಎಂದರ್ಥ. ಇದಕ್ಕೆ ಮದ್ದಿಲ್ಲ, ಮತ್ತೆ ಮುದ್ರಿಸಬೇಕು.

ಇಲ್ಲಿ ಹಲವರು ಎಡವುವ ಒಂದು ಅಂಶವಿದೆ. ತಡ ಕಡಿಮೆಯಾಗಲೆಂದು ಬಫರನ್ನು ತೀರ ಚಿಕ್ಕದು ಮಾಡಿದರೆ ಹಳೆಯ ಗಣಕ ಹೊರೆ ತಾಳದೆ ಚೀಲಗಳನ್ನು ಬೀಳಿಸುತ್ತದೆ. ಸ್ಥಿರವಾದ ದೊಡ್ಡ ತಡವನ್ನು ಸರಿಪಡಿಸಬಹುದು. ಕಳೆದುಹೋದ ಶಬ್ದವನ್ನು ತರಲಾಗದು. ಆದ್ದರಿಂದ ಪಥದ ಮೇಲೆ ಪಥ ಮುದ್ರಿಸುವಾಗ, ಶಾಲೆಯ ಹಳೆಯ ಗಣಕದಲ್ಲಿ ದೊಡ್ಡ ಬಫರೇ ಕ್ಷೇಮ.

ಎರಡು ಯಂತ್ರ, ಎರಡು ಗಡಿಯಾರ

ಓರೆ ರೇಖೆಯನ್ನು ಇನ್ನಷ್ಟು ನೋಡೋಣ. ಪ್ರತಿಯೊಂದು ಧ್ವನಿಯಂತ್ರದಲ್ಲೂ ಮಾದರಿಗಳನ್ನು ಎಣಿಸಲು ಒಂದು ಸ್ಫಟಿಕದ ಗಡಿಯಾರವಿರುತ್ತದೆ. ಅದು ದಶಲಕ್ಷಕ್ಕೆ 50ರಷ್ಟು ಹಿಂದುಮುಂದಾಗುವುದು ಸಾಮಾನ್ಯ. ಇದು ಕ್ಷುಲ್ಲಕ ಎನಿಸಬಹುದು. ಆದರೆ ಒಂದು ಗಂಟೆಗೆ 3,600 ಸೆಕೆಂಡು. ದಶಲಕ್ಷಕ್ಕೆ 50ರಂತೆ 0.18 ಸೆಕೆಂಡಿನ ವ್ಯತ್ಯಾಸ. ಇನ್ನೊಂದು ಯಂತ್ರ ಅಷ್ಟೇ ಪ್ರಮಾಣದಲ್ಲಿ ವಿರುದ್ಧ ದಿಕ್ಕಿಗೆ ತಪ್ಪಿದರೆ 0.36 ಸೆಕೆಂಡು!

ಸಣ್ಣಾಟವೊಂದನ್ನು ಮುಖ್ಯ ಪಾತ್ರಧಾರಿಯ ಬಳಿ ಒಂದು ಮೊಬೈಲಿನಲ್ಲೂ ಹಿಮ್ಮೇಳದ ಬಳಿ ಇನ್ನೊಂದರಲ್ಲೂ ಮುದ್ರಿಸಿದಾಗ ಆಗುವುದು ಇದೇ. ಆರಂಭದಲ್ಲಿ ಎರಡನ್ನೂ ಕೂಡಿಸಿದರೂ ಆಟ ಮುಂದುವರಿದಂತೆ ಬೇರೆಯಾಗುತ್ತ ಹೋಗುತ್ತವೆ. ಒಂದೇ ಗಣಕಕ್ಕೆ ಯುಎಸ್‌ಬಿ ಮೈಕು ಸಿಕ್ಕಿಸಿ, ಗಣಕದ ಸ್ವಂತ ಕಿಂಡಿಯಿಂದ ಹೆಡ್‌ಫೋನ್ ಕೇಳಿದರೂ ಎರಡು ಗಡಿಯಾರಗಳೇ. ಒಂದೇ ಧ್ವನಿಯಂತ್ರದ ಒಳ ಮತ್ತು ಹೊರ ಕಿಂಡಿಗಳನ್ನು ಬಳಸುವುದು ಮೇಲು.

ಪರಿಹಾರ ಸುಲಭ. ಮುದ್ರಣದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ತಟ್ಟುವವರು ಎರಡೂ ಯಂತ್ರಗಳಿಂದ ಸಮದೂರದಲ್ಲಿ ನಿಲ್ಲಬೇಕು. ಇಲ್ಲವಾದರೆ ಮೀಟರಿಗೆ 2.9 ಮಿ.ಸೆ.ಯಂತೆ ಲೆಕ್ಕ ಹಾಕಿ ಕಳೆಯಬೇಕು. ಎರಡು ಚಪ್ಪಾಳೆಗಳ ನಡುವಿನ ಕಾಲ ಮೊದಲ ಯಂತ್ರದಲ್ಲಿ 1,500.000 ಸೆಕೆಂಡು, ಎರಡನೆಯದರಲ್ಲಿ 1,500.060 ಸೆಕೆಂಡು ಎಂದಾದರೆ ವ್ಯತ್ಯಾಸ ದಶಲಕ್ಷಕ್ಕೆ 40. ಎರಡನೆಯ ಪಥವನ್ನು ಶೇಕಡಾ 0.004ರಷ್ಟು ವೇಗಗೊಳಿಸಿ, ಮೊದಲ ಚಪ್ಪಾಳೆಗೆ ಹೊಂದಿಸಿದರೆ ಕೊನೆಯ ಚಪ್ಪಾಳೆಯೂ ತಾನಾಗಿ ಹೊಂದುತ್ತದೆ. ಶ್ರುತಿ ಕೆಡುವ ಭಯ ಬೇಡ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಸುಮಾರು ಶೇಕಡಾ 6ರ ಅಂತರ. ಇಲ್ಲಾಗುವ ಬದಲಾವಣೆ ಅದರ ಸುಮಾರು 1,500ನೇ ಒಂದು ಪಾಲು ಮಾತ್ರ.

ಸ್ಥಿರ ತಡ ಮತ್ತು ಬೆಳೆಯುವ ತಡ ಎರಡನ್ನೂ ಒಂದೇ ಸಮೀಕರಣದಲ್ಲಿ ಬರೆಯಬಹುದು: ತಡ = ಆರಂಭದ ತಡ + (ಬೆಳವಣಿಗೆಯ ದರ × ಕಾಲ). ತರಗತಿಯ ಕಪ್ಪು ಹಲಗೆಯ ಮೇಲಿನ y = mx + c ಇದೇ. c ಅನ್ನು ಪಥ ಸರಿಸಿ ಕಳೆಯುತ್ತೇವೆ, m ಅನ್ನು ವೇಗ ಬದಲಿಸಿ ಕಳೆಯುತ್ತೇವೆ.

ಇದರೊಡನೆ ಬೆರೆಸಬಾರದ ಇನ್ನೊಂದು ತಪ್ಪಿದೆ. ಸೆಕೆಂಡಿಗೆ 44,100 ಮಾದರಿಗಳಂತೆ ಮುದ್ರಿಸಿದ ಕಡತವನ್ನು 48,000 ಎಂದು ತಿಳಿದು ನುಡಿಸಿದರೆ ಒಂದು ಗಂಟೆಯ ಆಟ 55 ನಿಮಿಷ 7.5 ಸೆಕೆಂಡಿಗೇ ಮುಗಿಯುತ್ತದೆ; ಶ್ರುತಿಯೂ ಏರುತ್ತದೆ. ಇದು ಗಡಿಯಾರದ ದೋಷವಲ್ಲ, ಸೆಟ್ಟಿಂಗಿನ ದೋಷ. ಎಲ್ಲ ಯಂತ್ರಗಳಲ್ಲೂ ಮೊದಲೇ ಒಂದೇ ಸಂಖ್ಯೆಯನ್ನು ಇಟ್ಟುಕೊಂಡರೆ ಈ ತೊಂದರೆ ಬಾರದು.

ತನ್ನ ದನಿ ತನಗೇ ತಡವಾಗಿ ಕೇಳಿದಾಗ

ಮುದ್ರಣದ ಬಳಿಕ ಸರಿಪಡಿಸಲಾಗದ ತಡವೂ ಒಂದಿದೆ. ಹಾಡುವವರು ತಮ್ಮದೇ ದನಿಯನ್ನು ಗಣಕದ ಮೂಲಕ ಹೆಡ್‌ಫೋನಿನಲ್ಲಿ ಕೇಳುತ್ತಿದ್ದರೆ ಆ ದನಿ ಹೋಗಿಬರುವ ತಡದಷ್ಟು ಹಿಂದುಳಿದು ಬರುತ್ತದೆ. ಸುಮಾರು 200 ಮಿ.ಸೆ. ತಡವಾದ ಸ್ವಂತ ದನಿಯನ್ನು ಕೇಳುತ್ತ ಮಾತಾಡಿದರೆ ನಾಲಿಗೆ ತೊದಲುತ್ತದೆ ಎಂಬುದನ್ನು 1950ರಲ್ಲಿ ಬರ್ನಾರ್ಡ್ ಲೀ ತೋರಿಸಿದರು. ಇಂತಹ ಸ್ಥಿತಿಯಲ್ಲಿ ಎಂತಹ ಹಾಡುಗಾರರಿಗಾದರೂ ಲಯ ಜಗ್ಗುತ್ತದೆ. ಆಗ ತಪ್ಪು ಕಡತದಲ್ಲಿ ಮಾತ್ರವಲ್ಲ, ಹಾಡಿಕೆಯಲ್ಲೇ ಸೇರಿಬಿಡುತ್ತದೆ; ಪಥ ಸರಿಸಿದರೆ ಹೋಗದು.

ಆದ್ದರಿಂದ ತಂತ್ರಾಂಶದಲ್ಲಿ ಸ್ವಂತ ದನಿ ಮರಳಿ ಕೇಳಿಸುವ ಸೌಲಭ್ಯವನ್ನು ಆರಿಸಿಡಿ. ಹೆಡ್‌ಫೋನಿನ ಒಂದು ಬದಿಯನ್ನು ಕಿವಿಯಿಂದ ಸರಿಸಿಕೊಂಡರೆ ಹಾಡುವವರಿಗೆ ತಮ್ಮ ದನಿ ಗಾಳಿಯ ಮೂಲಕವೇ ಕೇಳುತ್ತದೆ. ಕೆಲವು ಧ್ವನಿಯಂತ್ರಗಳಲ್ಲಿ ಮೈಕಿನ ದನಿಯನ್ನು ಗಣಕಕ್ಕೆ ಕಳಿಸದೆ ನೇರವಾಗಿ ಹೆಡ್‌ಫೋನಿಗೆ ಕೊಡುವ ಗುಂಡಿಯೂ ಇರುತ್ತದೆ.

ಸರಿಪಡಿಸಬಾರದ್ದು ಯಾವುದು?

ಇಷ್ಟೆಲ್ಲ ತಿಳಿದ ಮೇಲೆ ಒಂದು ಎಚ್ಚರಿಕೆ. ಮುಖ್ಯ ಹಾಡುಗಾರರ ಸಾಲು ಮುಗಿಯುವ ಮುನ್ನವೇ ಹಿಮ್ಮೇಳ ದನಿ ಎತ್ತುವುದುಂಟು. ಚೌಡಿಕೆ ಪದದಲ್ಲಿ ಲಯ ಸ್ವಲ್ಪ ಸ್ವಲ್ಪವೇ ಏರುವುದುಂಟು. ಇವು ದೋಷಗಳಲ್ಲ. ಪೆಟ್ಟುಗಳನ್ನೆಲ್ಲ ಸಮ ಅಂತರಕ್ಕೆ ಎಳೆದು ಕೂರಿಸುವ ಸೌಲಭ್ಯ ಇಂದಿನ ತಂತ್ರಾಂಶಗಳಲ್ಲಿದೆ. ದಾಖಲೆಗೆಂದು ಮಾಡಿದ ಮುದ್ರಣದಲ್ಲಿ ಅದನ್ನು ಮುಟ್ಟಲೇಬೇಡಿ. ಕೇಬಲ್ ಪ್ರಯೋಗದಿಂದ ಅಥವಾ ಚಪ್ಪಾಳೆಯಿಂದ ಅಳೆದು ತಿಳಿದಷ್ಟನ್ನು, ಇಡೀ ಪಥಕ್ಕೆ ಒಂದೇ ಸಲ, ಒಂದೇ ಪ್ರಮಾಣದಲ್ಲಿ ಕಳೆಯಿರಿ. ಕಿವಿಗೆ ಚೆನ್ನಾಗಿ ಕೇಳುವವರೆಗೆ ಅಲ್ಲಲ್ಲಿ ಜಗ್ಗಿದರೆ ಮೇಳದ ಲಯ ಹೋಗಿ ಸರಿಪಡಿಸಿದವರ ಲಯ ಉಳಿಯುತ್ತದೆ.

ಮೂಲ ಕಡತಗಳನ್ನು ಎಂದೂ ಅಳಿಸಬೇಡಿ. ಅವು ವೇವ್ ರೂಪದಲ್ಲಿರಲಿ. 16 ಬಿಟ್‌ನ ಒಂಟಿ ಪಥಕ್ಕೆ ನಿಮಿಷಕ್ಕೆ ಸುಮಾರು 5.3 ಮೆಗಾಬೈಟ್ ಸಾಕು. ಎಂಪಿ3ಗೆ ಬದಲಿಸಿದಾಗ ಕಡತದ ಆರಂಭದಲ್ಲಿ ಸಣ್ಣ ಮೌನ ಸೇರಿಕೊಳ್ಳುತ್ತದೆ. ಅದೂ ಒಂದು ಹೊಸ ತಡವೇ. ಪ್ರತಿ ಮುದ್ರಣದ ಜೊತೆಗೆ ದಿನಾಂಕ, ಸ್ಥಳ, ಬಳಸಿದ ಯಂತ್ರ, ಸೆಕೆಂಡಿನ ಮಾದರಿಗಳ ಸಂಖ್ಯೆ, ಅಳೆದ ತಡ, ಮಾಡಿದ ತಿದ್ದುಪಡಿ – ಇಷ್ಟನ್ನು ಬರೆದಿಡಿ. ಯಾರು ಮೇಳದೊಡನೆ ಕೂಡಿ ಹಾಡಿದರು, ಯಾರು ಹೆಡ್‌ಫೋನಿನಲ್ಲಿ ಕೇಳುತ್ತ ಬೇರೆಯಾಗಿ ಹಾಡಿದರು ಎಂಬುದನ್ನೂ ನಮೂದಿಸಿ. ಮೇಳದವರೆಲ್ಲ ಸಿಗುವಂತಿದ್ದರೆ ಒಂದೇ ಕಡೆ ಕೂಡಿಸಿ ಮುದ್ರಿಸುವುದೇ ಉತ್ತಮ ಎಂದು ಬೇರೆ ಹೇಳಬೇಕಿಲ್ಲ. ಎರಡು ಕಂತಿನ ಮುದ್ರಣ, ಒಬ್ಬರೋ ಇಬ್ಬರೋ ಮಾತ್ರ ಉಳಿದಿರುವ ಮೇಳಗಳಿಗೆ ಮತ್ತು ಒಂದೊಂದು ವಾದ್ಯವನ್ನು ಬಿಡಿಯಾಗಿ ಅಭ್ಯಸಿಸಲು.

ತರಗತಿಗೆ ಒಂದು ಚಟುವಟಿಕೆ

ಶಾಲೆಯ ಬಯಲಿನಲ್ಲಿ ಎರಡು ಮೊಬೈಲುಗಳನ್ನು ಒಂದೇ ಕಡೆ ಇಟ್ಟು ಮುದ್ರಣ ಆರಂಭಿಸಿ, ಪಕ್ಕದಲ್ಲೇ ಒಂದು ಚಪ್ಪಾಳೆ ತಟ್ಟಿಸಿ. ಬಳಿಕ ಒಂದನ್ನು 50 ಮೀಟರ್ ದೂರಕ್ಕೆ ಒಯ್ದು, ಇನ್ನೊಂದರ ಬಳಿ ಮತ್ತೆ ಚಪ್ಪಾಳೆ ತಟ್ಟಿಸಿ. ಕೊನೆಗೆ ಎರಡನ್ನೂ ಮತ್ತೆ ಒಂದೇ ಕಡೆ ತಂದು ಮೂರನೆಯ ಚಪ್ಪಾಳೆ. ಎರಡು ಕಡತಗಳನ್ನೂ ಗಣಕಕ್ಕೆ ಹಾಕಿ ಮೊದಲ ಚಪ್ಪಾಳೆಗೆ ಹೊಂದಿಸಿ. ಎರಡನೆಯ ಚಪ್ಪಾಳೆಯಲ್ಲಿ ಸುಮಾರು 145 ಮಿ.ಸೆ. ಅಂತರ ಕಾಣಬೇಕು. ಅದರಿಂದ ಶಬ್ದದ ವೇಗ ಸಿಗುತ್ತದೆ. ಮೂರನೆಯ ಚಪ್ಪಾಳೆಯಲ್ಲಿ ಏನಾದರೂ ಅಂತರ ಉಳಿದಿದ್ದರೆ ಅದು ಎರಡು ಗಡಿಯಾರಗಳ ವ್ಯತ್ಯಾಸ. ಹತ್ತಿಪ್ಪತ್ತು ನಿಮಿಷ ಬಿಟ್ಟು ತಟ್ಟಿದರೆ ಅದು ಚೆನ್ನಾಗಿ ಗೊತ್ತಾಗುತ್ತದೆ.

ಈ ಅಳತೆಯಲ್ಲಿ ಪಳಗಿದ ವಿದ್ಯಾರ್ಥಿಗಳನ್ನು ತಮ್ಮ ಊರಿನ ಹಿರಿಯ ಹಾಡುಗಾರರ ಬಳಿಗೆ ಕಳಿಸಬಹುದು. ಮುದ್ರಣದಲ್ಲಿ ಹಿಮ್ಮೇಳ ತಡವಾಗಿ ಕೇಳಿದರೆ, 'ಅಜ್ಜಾ, ಇನ್ನೊಮ್ಮೆ ಸರಿಯಾಗಿ ಹಾಡು' ಎನ್ನುವ ಮೊದಲು ಕೇಬಲ್ ಜೋಡಿಸಿ ಯಂತ್ರವನ್ನು ಅಳೆದು ನೋಡಲು ಅವರಿಗೆ ಬರುತ್ತದೆ.